ಪುಟ್ಟ ಮಕ್ಕಳ ನೆಗಡಿ, ಕೆಮ್ಮು, ಫ್ಲೂ: ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾನೊಂದು ಔಷಧಿ ಅಂಗಡಿ ನಡೆಸುತ್ತೇನೆ. ಮೆಕ್ಕೆಜೋಳದ ರಾಶಿ ಶುರುವಾಗಿ ಊರೆಲ್ಲ ದೂಳೆದ್ದು, ಬೆಳಗಿನ ಜಾವ ಚಳಿ ಕಚ್ಚತೊಡಗಿದರೆ ಸಾಕು, ಟವೆಲ್ಲಿನಲ್ಲಿ ಸುತ್ತಿದ ಮಕ್ಕಳನ್ನು ಎತ್ತಿಕೊಂಡು ಜನ ಬಂದು ನಿಲ್ಲುತ್ತಾರೆ. ಚೀಟಿ ಇದ್ದವರು ಔಷಧಿ ಕೊಂಡು ಹೋಗುತ್ತಾರೆ, ಇಲ್ಲದವರು ಪ್ರಶ್ನೆ ಕೇಳುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಆ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲ. ಅದಕ್ಕೇ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ವೈದ್ಯೆಯಲ್ಲ, ಫಾರ್ಮಸಿಸ್ಟ್. ಎರಡು ಮಕ್ಕಳನ್ನು ಸಾಕಿದವಳು. ಚಳ್ಳಕೆರೆ ಕಡೆಯ ಅತ್ತೆಯಿಂದ ಮನೆಮದ್ದು ಕಲಿತವಳು, ಅದರಲ್ಲಿ ಕೆಲವನ್ನು ಅವರೊಂದಿಗೆ ಜಗಳವಾಡಿ ಬಿಡಿಸಿದವಳು. ಇಲ್ಲಿ ಹೇಳಿರುವುದೆಲ್ಲ ಐದು ವರ್ಷದೊಳಗಿನ ಮಕ್ಕಳ ವಿಷಯ.

ಇದು ಬರೀ ನೆಗಡಿಯೋ, ಫ್ಲೂ ಜ್ವರವೋ? ಹೇಗೆ ಗುರುತಿಸುವುದು?

ನೆಗಡಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಧಾನವಾಗಿ ಒಳಗೆ ಬರುವ ನೆಂಟ. ಮೊದಲ ದಿನ ಸೀನು, ಮರುದಿನ ಮೂಗು ಸೋರುವುದು, ಮೂರನೆಯ ದಿನಕ್ಕೆ ಮೂಗು ಕಟ್ಟಿ ಕೆಮ್ಮು. ಜ್ವರ ಬಂದರೂ ಸಣ್ಣದು. ಏಳರಿಂದ ಹತ್ತು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಫ್ಲೂ ಬಾಗಿಲು ಒದ್ದು ಬರುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಓಡಾಡುತ್ತಿದ್ದ ಮಗು ಸಂಜೆಗೆ ಮೈ ಸುಡುತ್ತಾ ತಲೆ ಎತ್ತದೆ ಮಲಗಿಬಿಡುತ್ತದೆ. 102, 103 ಡಿಗ್ರಿ ಜ್ವರ, ಮೈಕೈ ನೋವು, ಚಿಕ್ಕವರಲ್ಲಿ ಒಮ್ಮೊಮ್ಮೆ ವಾಂತಿ, ಭೇದಿ. ನಮ್ಮ ದೇಶದಲ್ಲಿ ಇದು ಜನವರಿಯಿಂದ ಮಾರ್ಚ್ ತನಕ ಒಮ್ಮೆ, ಮಳೆಗಾಲದ ಬೆನ್ನಿಗೆ ಇನ್ನೊಮ್ಮೆ ಹೆಚ್ಚಾಗುತ್ತದೆ.

ಆದರೆ ನೆಗಡಿ ತರುವ ವೈರಸ್‌ಗಳೇ 200ಕ್ಕೂ ಹೆಚ್ಚು ಇವೆ. ಮಗುವಿನ ಮುಖ ನೋಡಿದೊಡನೆ ಇಂಥದ್ದೇ ಎಂದು ಹೇಳಲು ವೈದ್ಯರಿಗೂ ಆಗುವುದಿಲ್ಲ. ಹೆಸರು ಏನಾದರೂ ಇರಲಿ, ಮನೆಯವರು ನೋಡಬೇಕಾದ್ದು ಮಗು ಹೇಗೆ ಉಸಿರಾಡುತ್ತಿದೆ, ಕುಡಿಯುತ್ತಿದೆಯೇ, ಜ್ವರ ಇಳಿದಾಗ ಆಡುತ್ತಿದೆಯೇ ಎಂಬುದನ್ನು.

ವರ್ಷಕ್ಕೆ ಎಂಟು ಸಲ ನೆಗಡಿಯಾಗುತ್ತದೆ. ಮಗುವಿಗೆ ಶಕ್ತಿ ಇಲ್ಲವೇ? ಟಾನಿಕ್ ಕೊಡಲೇ?

ಆರೆಂಟು ಸಲ ಆಗುವುದು ಈ ವಯಸ್ಸಿನಲ್ಲಿ ಸಹಜ. ಅಂಗನವಾಡಿಗೆ ಸೇರಿದ ಮೊದಲ ವರ್ಷ ಇನ್ನೂ ಒಂದೆರಡು ಹೆಚ್ಚೇ ಆಗಬಹುದು. ಮಗು ತೂಕ ಏರುತ್ತಾ ಆಡಿಕೊಂಡಿದ್ದರೆ ಟಾನಿಕ್ಕಿನ ದುಡ್ಡಿನಲ್ಲಿ ಮೊಟ್ಟೆ ತನ್ನಿ.

ಗಾಳಿ ತಾಗಿ ಶೀತವಾಯಿತು ಎನ್ನುತ್ತಾರೆ, ನಿಜವೇ?

ಚಿತ್ರದುರ್ಗದ ನನ್ನ ತಂಗಿ ಪ್ರತಿ ಸಲವೂ ಜೋಗಿಮಟ್ಟಿಯ ಗಾಳಿಯನ್ನು ಬೈಯುತ್ತಾಳೆ. ಪಾಪ, ಗಾಳಿಯ ತಪ್ಪು ಅಷ್ಟಿಲ್ಲ. ವೈರಸ್ ಬರುವುದು ಇನ್ನೊಬ್ಬರ ಕೆಮ್ಮು, ಸೀನು, ಕೈಗಳಿಂದ. ಚಳಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿದಾಗ ಹರಡುವುದು ಸುಲಭವಾಗುತ್ತದೆ. ಜಾತ್ರೆಗೆ ಬಂದ ನೆಂಟರು ಮೂಗೊರೆಸಿದ ಕೈಯಲ್ಲೇ ಕೂಸಿನ ಗಲ್ಲ ಹಿಂಡುತ್ತಾರಲ್ಲ, ಗಾಳಿಗಿಂತ ಅದಕ್ಕೆ ಹೆದರಬೇಕು. "ಕೈ ತೊಳೆದು ಎತ್ತಿಕೊಳ್ಳಿ" ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಮನೆಮದ್ದು ಮಾಡಿದರೆ ನೆಗಡಿ ಬೇಗ ವಾಸಿಯಾಗುತ್ತದೆಯೇ?

ಇಲ್ಲ. ಕಷಾಯವಾಗಲಿ, ಎಲೆಯ ರಸವಾಗಲಿ, ನನ್ನ ಅಂಗಡಿಯ ಬಾಟಲಿಯಾಗಲಿ, ನೆಗಡಿಯ ದಿನಗಳನ್ನು ಕಡಿಮೆ ಮಾಡುವುದಿಲ್ಲ. ಒಳ್ಳೆಯ ಮನೆಮದ್ದು ಮಗುವಿಗೆ ಮೂಗು ಬಿಡಿಸುತ್ತದೆ, ಗಂಟಲಿಗೆ ಹಿತ ಕೊಡುತ್ತದೆ, ರಾತ್ರಿ ನಾಲ್ಕು ತಾಸು ನಿದ್ದೆ ತರುತ್ತದೆ. ಅದೇನು ಸಣ್ಣ ಉಪಕಾರವಲ್ಲ.

ಯಾರೇ ಹೊಸ ಮನೆಮದ್ದು ಹೇಳಿದರೂ ನಾನು ಕೇಳಿಕೊಳ್ಳುವುದು ಮೂರು ಮಾತು. ಇದು ಉಸಿರಿನ ದಾರಿಗೆ ಇಳಿಯಬಹುದೇ? ಮೈ ಸುಡಬಹುದೇ? ಬಾಯಿಗೆ ಹೋದರೆ ವಿಷವೇ? ಒಂದಕ್ಕೆ ಹೌದು ಎಂದಾದರೂ ಆ ಮದ್ದು ಮಗುವಿನ ಹತ್ತಿರ ಬರಬಾರದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಸುಮ್ಮನೆ ಕಟ್ಟಿದ್ದಲ್ಲ ಎಂದು ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಅನ್ನಿಸುತ್ತದೆ.

ಕಫ ಎದೆಗೆ ಇಳಿದಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಎಲ್ಲ ಮನೆಮದ್ದಿಗಿಂತ ಮೊದಲು ಕಲಿಯಬೇಕಾದ್ದು ಇದು. ಎದೆಯಲ್ಲಿ ಗೊರಗೊರ ಶಬ್ದ ಕೇಳಿಸಿದರೆ ಎಲ್ಲರೂ ಹೆದರುತ್ತಾರೆ. ಬಹಳ ಸಲ ಅದು ಮೂಗು ಗಂಟಲಿನ ಸಿಂಬಳದ ಸದ್ದು. ನ್ಯುಮೋನಿಯಾವನ್ನು ಕಿವಿಗಿಂತ ಮೊದಲು ಕಣ್ಣು ಹಿಡಿಯುತ್ತದೆ. ಮಗು ಮಲಗಿರುವಾಗ ಅಥವಾ ಸುಮ್ಮನಿರುವಾಗ ಅಂಗಿ ಎತ್ತಿ ಹೊಟ್ಟೆ, ಎದೆ ಕಾಣುವಂತೆ ಮಾಡಿ. ಅಳುತ್ತಿರುವಾಗ, ಹಾಲು ಕುಡಿದ ತಕ್ಷಣ ಬೇಡ. ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು ಪೂರಾ ಒಂದು ನಿಮಿಷ, ಹೊಟ್ಟೆ ಎಷ್ಟು ಸಲ ಮೇಲೇಳುತ್ತದೆ ಎಂದು ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಹದದಲ್ಲಿ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಮತ್ತೊಮ್ಮೆ ಎಣಿಸಿ, ಆಗಲೂ ಮುಟ್ಟಿದರೆ ಹೊರಡಿ. ಇದರ ಜೊತೆ ಪಕ್ಕೆ ನೋಡಿ. ಉಸಿರು ಒಳಗೆ ಎಳೆದುಕೊಂಡಾಗ ಪಕ್ಕೆಲುಬಿನ ಕೆಳಭಾಗ ಗುಳಿ ಬಿದ್ದಂತೆ ಒಳಗೆ ಹೋಗುತ್ತಿದ್ದರೆ ಎಣಿಕೆಗೂ ಕಾಯಬೇಡಿ.

ಒಂದು ಸಂಜೆ ಹರಿಹರದ ಕಡೆಯ ಹಳ್ಳಿಯಿಂದ ಬಂದ ಯುವಕನೊಬ್ಬ ಹತ್ತು ತಿಂಗಳ ಮಗಳನ್ನು ಹೆಗಲಿಗೆ ಹಾಕಿಕೊಂಡು, "ಅಕ್ಕಾ, ಕೆಮ್ಮಿಗೆ ಒಂದು ಸಿರಪ್ಪು ಕೊಡಿ, ಬಸ್ಸಿಗೆ ಹೊತ್ತಾಯಿತು" ಎಂದ. ಮಗು ಅಳುತ್ತಿರಲಿಲ್ಲ. ಅದೇ ನನಗೆ ಹಿಡಿಸಲಿಲ್ಲ. ಕೌಂಟರಿನ ಮೇಲೆ ಮಲಗಿಸಿ, ಸ್ವೆಟರ್ ಮೇಲಕ್ಕೆತ್ತಿ, ಗೋಡೆ ಗಡಿಯಾರ ನೋಡುತ್ತಾ ಎಣಿಸಿದೆ. ಅವನಿಗೂ ಎಣಿಸಲು ಹೇಳಿದೆ. ನನಗೆ 64 ಬಂತು, ಅವನಿಗೆ 66. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆ ಒಳಗೆ ಹೋಗುತ್ತಿತ್ತು. ಸಿರಪ್ಪು ಕೊಡದೆ ಆಟೋ ಹತ್ತಿಸಿ ಮಕ್ಕಳ ಆಸ್ಪತ್ರೆಗೆ ಕಳಿಸಿದೆ. ಆರು ದಿನದ ಮೇಲೆ ಅದೇ ಮಗುವನ್ನು ಎತ್ತಿಕೊಂಡು ಬಂದು, ಈಗ 34 ಬರುತ್ತಿದೆ ಎಂದು ಅವನೇ ಹೇಳಿದ.

ಮೂಗು ಕಟ್ಟಿ ಕೂಸು ಮೊಲೆ ಹಾಲು ಕುಡಿಯುತ್ತಿಲ್ಲ. ಏನು ಮಾಡುವುದು?

ಉಪ್ಪುನೀರಿನ ಹನಿ. ನನ್ನ ಲೆಕ್ಕದಲ್ಲಿ ಮನೆಮದ್ದುಗಳ ಪೈಕಿ ಇದಕ್ಕೇ ಮೊದಲ ಮಣೆ. ಪುಟ್ಟ ಕೂಸುಗಳಿಗೆ ಬಾಯಿಂದ ಉಸಿರಾಡುವ ಅಭ್ಯಾಸ ಇರುವುದಿಲ್ಲ, ಮೂಗು ಕಟ್ಟಿದರೆ ಹಾಲು ಕುಡಿಯಲಾರದೆ ಚೀರುತ್ತವೆ. 240 ಮಿಲಿ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಚಹಾ ಚಮಚದ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅರ್ಧಕ್ಕಿಂತ ಕಡಿಮೆ ಉಪ್ಪು ಹಾಕಿ ಕರಗಿಸಿ. ನಾಲಗೆಗೆ ಮುಟ್ಟಿಸಿಕೊಂಡರೆ ಕಣ್ಣೀರಿನಷ್ಟು ಉಪ್ಪಿರಬೇಕು, ಸಾರಿನಷ್ಟಲ್ಲ. ಮಗುವನ್ನು ಅಂಗಾತ ಮಲಗಿಸಿ, ಭುಜದ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಹೊಳ್ಳೆಗೆ ಎರಡು ಮೂರು ಹನಿ ಬಿಡಿ. ಒಂದು ನಿಮಿಷ ಕಾದು, ಹೊರಗೆ ಬಂದ ಸಿಂಬಳವನ್ನು ಮೆತ್ತನೆಯ ಹತ್ತಿ ಬಟ್ಟೆಯ ಮೂಲೆಯಿಂದ ತೆಗೆಯಿರಿ. ಹಾಲೂಡಿಸುವ ಹತ್ತು ನಿಮಿಷ ಮೊದಲು, ಮಲಗಿಸುವ ಮೊದಲು ಹೀಗೆ ಮಾಡಿದರೆ ಸಾಕು. ಮಾಡಿಟ್ಟ ನೀರನ್ನು ಮರುದಿನಕ್ಕೆ ಉಳಿಸಬೇಡಿ.

ಇಷ್ಟೆಲ್ಲ ಗೋಜು ಬೇಡವೆನ್ನುವವರಿಗೆ ಅಂಗಡಿಯಲ್ಲಿ 0.65 ಶೇಕಡಾ ಸಲೈನ್ ಹನಿ ಸಿಗುತ್ತದೆ, ದುಬಾರಿಯೇನಲ್ಲ. ಆದರೆ ಬಾಟಲಿಯ ಮೇಲಿನ ಹೆಸರು ಓದಿ. ಅದರ ಪಕ್ಕದಲ್ಲೇ, ನೋಡಲು ಹಾಗೆಯೇ ಇರುವ, ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಇರುವ ಹನಿಗಳೂ ಇರುತ್ತವೆ. ವೈದ್ಯರು ಬರೆದುಕೊಡದೆ ಅವನ್ನು ಕೂಸಿನ ಮೂಗಿಗೆ ಹಾಕಬಾರದು.

ಎರೆಯುವ ಅಜ್ಜಿಯರು ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೂಗಿಗೆ ಎಣ್ಣೆ ಬಿಟ್ಟು, ಬಾಯಿಂದ ಉಫ್ ಎಂದು ಊದಿ ಕಫ ತೆಗೆಯುತ್ತಾರೆ. ಅವರ ಕೈ ಹಗುರ, ಮನಸ್ಸು ಒಳ್ಳೆಯದು, ಸಂಶಯವಿಲ್ಲ. ಆದರೆ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ, ಅಲ್ಲೇ ಕೂತು ನ್ಯುಮೋನಿಯಾ ಮಾಡುತ್ತದೆ. ಮೈಗೆ ಎಷ್ಟು ಬೇಕಾದರೂ ಎಣ್ಣೆ ತಿಕ್ಕಲಿ. ಮೂಗಿಗೂ ಕಿವಿಗೂ ಬೇಡ.

ಜೇನುತುಪ್ಪ ಎಷ್ಟು ತಿಂಗಳಿಂದ ಕೊಡಬಹುದು?

ಒಂದು ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲು ಒಂದು ಹನಿಯೂ ಇಲ್ಲ. ಹುಟ್ಟಿದ ಕೂಸಿಗೆ ಜೇನಿನಲ್ಲಿ ಬಂಗಾರ ತೇಯ್ದು ನೆಕ್ಕಿಸುವ ಪದ್ಧತಿ ಇರುವ ಮನೆಯವರು ಇದನ್ನು ಕೇಳಿ ಸಿಟ್ಟಾಗುತ್ತಾರೆ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ, ವರ್ಷದೊಳಗಿನ ಕೂಸಿನ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ. ಮಲಬದ್ಧತೆ, ಸೊರಗಿದ ಅಳು, ಜೋತುಬಿದ್ದ ಕತ್ತು, ಕೊನೆಗೆ ಉಸಿರಿಗೇ ಕುತ್ತು. ಮನೆಯಲ್ಲಿ ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಕಾಡಿನ ಶುದ್ಧ ಜೇನು ಎಂಬುದೂ ಇಲ್ಲಿ ಸಮಾಧಾನವಲ್ಲ.

ವರ್ಷ ದಾಟಿದ ಮಗುವಿಗೆ ಮಾತ್ರ ರಾತ್ರಿಯ ಕೆಮ್ಮಿಗೆ ಜೇನಿನಷ್ಟು ಒಳ್ಳೆಯದು ನನ್ನ ಕಪಾಟಿನಲ್ಲೂ ಇಲ್ಲ. ಮಲಗುವ ಮೊದಲು ಅರ್ಧದಿಂದ ಒಂದು ಚಹಾ ಚಮಚ, ಹಾಗೆಯೇ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ. ಹಲ್ಲು ಬಂದಿದ್ದರೆ ಆಮೇಲೆ ಬಾಯಿ ತೊಳೆಸಿ.

ತುಳಸಿ, ದೊಡ್ಡಪತ್ರೆ, ಶುಂಠಿ ಕಷಾಯ ಕೊಡಬಹುದೇ?

ಆರು ತಿಂಗಳೊಳಗೆ ತಾಯಿಯ ಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ. ಒಳಲೆಯಲ್ಲಿ ಕಷಾಯ ಹಾಕಿ ಗಂಟಲಿಗೆ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ಅಳುವ ಕೂಸಿಗೆ ಅದು ನೆತ್ತಿಗೇರುವುದೇ ಹೆಚ್ಚು. ಆರು ತಿಂಗಳಿಂದ ವರ್ಷದವರೆಗೆ ಬೆಚ್ಚಗಿನ ನೀರು, ಬೇಳೆಯ ಕಟ್ಟು ಸಾಕು.

ವರ್ಷ ದಾಟಿದ ಮೇಲೆ ನನ್ನ ಅತ್ತೆಯ ಕಷಾಯಕ್ಕೆ ನನ್ನ ತಕರಾರಿಲ್ಲ. ನಾಲ್ಕು ತುಳಸಿ ಎಲೆ, ಹಿತ್ತಲ ಕುಂಡದ ಎರಡು ದೊಡ್ಡಪತ್ರೆ ಎಲೆ, ಚಿಟಿಕೆ ಜೀರಿಗೆ, ಉಗುರಿನಷ್ಟು ಶುಂಠಿ. ಎರಡು ಲೋಟ ನೀರು ಒಂದು ಲೋಟಕ್ಕೆ ಬತ್ತಬೇಕು. ಕೊನೆಗೆ ತುಸು ಬೆಲ್ಲ. ದೊಡ್ಡಪತ್ರೆಯನ್ನು ಅವರು ಕಾದ ಹೆಂಚಿನ ಮೇಲೆ ಬಾಡಿಸಿ, ಅದು ಮೆತ್ತಗಾಗಿ ಮನೆಯೆಲ್ಲ ಘಮ ಬಂದ ಮೇಲೆಯೇ ಹಿಂಡುತ್ತಾರೆ. ಹಸಿಯಾಗಿ ಹಿಂಡಿದರೆ ಗಂಟಲು ಕೆರೆಯುತ್ತದಂತೆ. ಸೋಸಿ, ಆರಿಸಿ, ದಿನಕ್ಕೆ ಎರಡು ಸಲ, ಎರಡೆರಡು ಚಮಚ. ಮೆಣಸು ಹಾಕಿ ಖಾರ ಮಾಡಿ "ಕಫ ಕಿತ್ತು ಬರಲಿ" ಎನ್ನುವವರಿದ್ದಾರೆ. ಬರುವುದು ವಾಂತಿ. ಮಗು ಮುಖ ತಿರುಗಿಸಿದರೆ ಮೂಗು ಹಿಡಿದು ಕುಡಿಸಬೇಡಿ. ಅದರಲ್ಲಿ ಉಪಕಾರ ಮಾಡುವುದು ಮುಖ್ಯವಾಗಿ ಬೆಚ್ಚಗಿನ ನೀರು, ಅದನ್ನು ಸಾರಿನ ರೂಪದಲ್ಲೂ ಕೊಡಬಹುದು.

ಕೋವಿಡ್ ಬಂದಾಗಿನಿಂದ ಅಮೃತಬಳ್ಳಿ ಕೇಳುವವರು ಹೆಚ್ಚಾಗಿದ್ದಾರೆ. ಅದನ್ನು ಸೇವಿಸಿದ ದೊಡ್ಡವರಲ್ಲೇ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಪುಟ್ಟ ಮಕ್ಕಳಿಗೆ ಬೇಡ.

ಬಜೆ, ಹಿಪ್ಪಲಿ, ಜಾಯಿಕಾಯಿ ತೇಯ್ದು ನೆಕ್ಕಿಸುತ್ತೇವೆ. ನಾವೆಲ್ಲ ಹಾಗೇ ಬೆಳೆದವರಲ್ಲವೇ?

ಬೆಳೆದವರು ನಾವು, ಸರಿ. ಬೆಳೆಯದೆ ಹೋದವರನ್ನು ಯಾರು ಎಣಿಸಿದರು? ಈ ಮಾತು ಆಡಿದ್ದಕ್ಕೆ ಅತ್ತೆ ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದರು.

ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತುವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್ ತಂದದ್ದು ಕಂಡು ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಬಜೆ ತಿಂದ ಮಕ್ಕಳಿಗೆ ಬಿಡದೆ ವಾಂತಿಯಾಗುವುದೂ ಉಂಟು. ಜಾಯಿಕಾಯಿ ಹೆಚ್ಚಾದರೆ ಅಮಲು. "ನೆಕ್ಕಿಸಿದ ಮೇಲೆ ಚೆನ್ನಾಗಿ ಮಲಗಿತು" ಎಂದರೆ ಅದು ಗುಣವಾದ ನಿದ್ದೆಯಲ್ಲ. ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದು ಹೋಯಿತು ಎಂಬ ಅಳತೆಯೂ ಯಾರ ಬಳಿಯೂ ಇಲ್ಲ. ಬಜೆಯ ತುಂಡು ಪೋಣಿಸಿ ಕೈಗೆ ಕಟ್ಟುವವರು, ಮಗು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ, ಬಾಮ್ ಹಚ್ಚಬಹುದೇ?

ಎರಡು ವರ್ಷದೊಳಗೆ ಎರಡೂ ಬೇಡ. ಕರ್ಪೂರ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಬಾಯಿಗೆ ಹೋದರಂತೂ ಸ್ವಲ್ಪವೇ ಸಾಕು, ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ದೇವರ ಮನೆಯ ಕರ್ಪೂರದ ಡಬ್ಬಿ ಕಲ್ಲುಸಕ್ಕರೆಯ ಡಬ್ಬಿಯ ಪಕ್ಕದಲ್ಲೇ ಇರುವುದು ನಮ್ಮ ಎಷ್ಟು ಮನೆಗಳಲ್ಲಿ? ಇವತ್ತೇ ಮೇಲಿನ ಅಟ್ಟಕ್ಕೆ ಏರಿಸಿ. ದೊಡ್ಡ ಮಕ್ಕಳಿಗೆ ಬಾಮ್ ಹಚ್ಚುವುದಾದರೆ ಎದೆ, ಬೆನ್ನಿಗೆ ತೆಳ್ಳಗೆ. ಮೂಗಿನ ಒಳಗೆ, ಮೂಗಿನ ಕೆಳಗೆ ಹಚ್ಚಬಾರದು.

ಕರ್ಪೂರವಿಲ್ಲದ ಬರೀ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಎದೆ, ಬೆನ್ನು, ಅಂಗಾಲಿಗೆ ತಿಕ್ಕಿ. ಅದರಿಂದ ಕಫ ಕರಗದು, ಮಗು ಮಾತ್ರ ಹಾಯಾಗಿ ಮಲಗುತ್ತದೆ. ಹರಳೆಣ್ಣೆ ಸವರಿದ ವೀಳ್ಯದೆಲೆಯನ್ನು ದೀಪಕ್ಕೆ ಹಿಡಿದು ಎದೆಗೆ ಒತ್ತುವವರು ಬಿಸಿಯನ್ನು ತಮ್ಮ ಅಂಗೈಯಿಂದ ನೋಡುತ್ತಾರೆ. ಪಾತ್ರೆ ತೊಳೆದು ಒರಟಾದ ಅಂಗೈಗೆ ತಿಳಿಯದ ಬಿಸಿ ಕೂಸಿನ ಚರ್ಮವನ್ನು ಸುಡುತ್ತದೆ.

ಹಬೆ ಹಿಡಿಸುವುದು ಒಳ್ಳೆಯದಲ್ಲವೇ?

ಬಟ್ಟಲಿನಲ್ಲಿ ಕುದಿಯುವ ನೀರಿಟ್ಟು, ಮಗುವನ್ನು ಬಗ್ಗಿಸಿ, ಮೇಲೆ ದುಪ್ಪಟಿ ಹೊದಿಸುವುದನ್ನು ನಾನೂ ಮಾಡಿದವಳು. ದೊಡ್ಡ ಮಗನಿಗೆ ಆಗ ಎರಡೂವರೆ ವರ್ಷ. ಕತ್ತಲೆಗೆ ಹೆದರಿ ಒಂದು ಸಲ ಕಾಲು ಝಾಡಿಸಿದ, ಅಷ್ಟೇ. ನೀರು ತೊಡೆಯ ಮೇಲೆ ಬಿತ್ತು. ನೆಗಡಿ ವಾರದಲ್ಲಿ ಹೋಯಿತು, ಕಲೆ ಈಗಲೂ ಇದೆ. ಔಷಧಿ ಓದಿಕೊಂಡವಳ ಮನೆಯಲ್ಲೇ ಹೀಗಾಯಿತು ಎಂದು ಯಾರಿಗೂ ಹೇಳಿಕೊಳ್ಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹಬೆಯಿಂದ ನೆಗಡಿ ಬೇಗ ಹೋಗುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ಬೆಚ್ಚಗಿನ ಆವಿ ಹಿತವೆನಿಸಿದರೆ, ಬಚ್ಚಲಲ್ಲಿ ಬಿಸಿನೀರು ತೋಡಿಟ್ಟು ಬಾಗಿಲು ಮುಚ್ಚಿ, ಬಿಸಿನೀರಿನಿಂದ ದೂರದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಕತೆ ಹೇಳಿ. ಹಂಡೆಗೆ ಸೌದೆ ಒಡ್ಡುವ ಮನೆಯಾದರೆ ಒಲೆ ಹೊರಗಿರಬೇಕು, ಹೊಗೆ ಒಳಗೆ ಬರಬಾರದು.

ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತೇವೆ...

ಬಿಡಿ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ ಹಾಕಿ ಕೂಸನ್ನು ಮೇಲೆ ಹಿಡಿಯುವ ದೃಶ್ಯ ನೋಡಲು ಚೆಂದ, ವಾಸನೆಯೂ ಚೆಂದ. ಊತ ಬಂದ ಉಸಿರುದಾರಿಗೆ ಯಾವ ಹೊಗೆಯೂ ಮದ್ದಲ್ಲ. ಬೀಡಿ ಸಿಗರೇಟು, ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆ ಎಲ್ಲವೂ ಇದೇ ಲೆಕ್ಕ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಯವರು ಹೊಗೆ ಏಳುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿಕೊಂಡು, ಹೊಗೆ ಇಳಿದ ಮೇಲೆ ತೆರೆಯಿರಿ. ರಾಶಿ ಮಾಡುವ ಕಣದಿಂದಲೂ ಕೆಮ್ಮುವ ಮಗುವನ್ನು ದೂರ ಇಡಿ.

ಒಂದೆರಡು ಹನಿ ಬ್ರಾಂದಿ?

ಇಲ್ಲ. ಎದೆಗೆ ಸವರಲೂ ಬೇಡ, ಬಾಯಿಗಂತೂ ಬೇಡವೇ ಬೇಡ. ಮದ್ಯ ಪುಟ್ಟ ಮಕ್ಕಳ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಉಸಿರನ್ನು ಮಂದ ಮಾಡುತ್ತದೆ.

ಬಾಳೆಹಣ್ಣು, ಮೊಸರು, ಹಾಲು ನಿಲ್ಲಿಸಬೇಕೇ? ಏನು ಉಣಿಸುವುದು?

ಏನನ್ನೂ ನಿಲ್ಲಿಸಬೇಕಿಲ್ಲ. ಹಾಲು ಕಫ ಹೆಚ್ಚಿಸುವುದಿಲ್ಲ. ಬಾಳೆಹಣ್ಣು ಬಿಟ್ಟರೆ ಬೇರೇನೂ ಬಾಯಿಗೆ ಹಾಕದ ಮಗುವಿಗೆ ಅದನ್ನೂ ತಪ್ಪಿಸಿ ಉಪವಾಸ ಕೆಡವುವುದು ಯಾವ ನ್ಯಾಯ? ಹಸಿವು ಕಡಿಮೆ ಇರುತ್ತದೆ, ಸ್ವಲ್ಪ ಸ್ವಲ್ಪ ಹೆಚ್ಚು ಸಲ ಕೊಡಿ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಳೆಕಟ್ಟು, ಮೆಣಸು ಕಮ್ಮಿ ಹಾಕಿದ ಬೆಳ್ಳುಳ್ಳಿ ಸಾರು, ರಾಗಿ ಗಂಜಿ, ನವಣೆ ಅನ್ನ, ಇಡ್ಲಿ. ಎದೆಹಾಲು ಕುಡಿಯುವ ಕೂಸಿಗೆ ಇನ್ನೂ ಹೆಚ್ಚು ಸಲ ಎದೆಗೆ ಹಿಡಿಯಿರಿ. ತಾಯಿಗೆ ನೆಗಡಿಯಿದ್ದರೂ ಹಾಲು ಬಿಡಿಸಬೇಡಿ, ಮಾಸ್ಕ್ ಹಾಕಿ ಕೈ ತೊಳೆದುಕೊಂಡು ಕೊಡಲಿ. ಮೂತ್ರ ಹೋಗುತ್ತಿದೆಯೇ ಎಂದು ಗಮನಿಸಿ. ಆರೆಂಟು ತಾಸು ಬಟ್ಟೆ ಒದ್ದೆಯಾಗದಿದ್ದರೆ ನೀರು ಸಾಲುತ್ತಿಲ್ಲ.

ಜ್ವರ ಬಂದಾಗ ಕುಲಾವಿ, ಸ್ವೆಟರ್, ಕಂಬಳಿ ಹಾಕಬೇಕೇ? ಸ್ನಾನ?

ಮೈ ಸುಡುತ್ತಿರುವಾಗ ಮೇಲಿಂದ ಮೇಲೆ ಹೊದಿಸಿದರೆ ಒಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ. ನೀವು ತೊಡುವಷ್ಟು, ಹೆಚ್ಚೆಂದರೆ ಇನ್ನೊಂದು ಪದರ. ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮಾಡಿಸಿ ಒರೆಸಿದರೆ ತೊಂದರೆಯಿಲ್ಲ. ಐಸ್ ನೀರಿನ ಪಟ್ಟಿ, ಸ್ಪಿರಿಟ್ ಒರೆಸುವುದು ಬೇಡ.

ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು?

ವಯಸ್ಸಿನ ಲೆಕ್ಕವಲ್ಲ, ತೂಕದ ಲೆಕ್ಕ. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಮತ್ತೆ ಕೊಡಲು ಕನಿಷ್ಠ ನಾಲ್ಕರಿಂದ ಆರು ತಾಸಿನ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ.

ಎಡವುವುದು ಎಲ್ಲಿ ಗೊತ್ತೇ? ಪುಟ್ಟ ಬಾಟಲಿಯ ಡ್ರಾಪ್ಸ್‌ನಲ್ಲಿ 1 ಮಿಲಿಗೇ 100 ಮಿಲಿಗ್ರಾಂ ಇರುತ್ತದೆ. ದೊಡ್ಡ ಬಾಟಲಿಯ ಸಿರಪ್‌ನಲ್ಲಿ 5 ಮಿಲಿಗೆ 120, 125 ಅಥವಾ 250 ಮಿಲಿಗ್ರಾಂ. ಅಂದರೆ ಪುಟ್ಟ ಬಾಟಲಿ 125ರ ಸಿರಪ್ಪಿಗಿಂತ ನಾಲ್ಕು ಪಟ್ಟು ಗಟ್ಟಿ. ಹತ್ತು ಕಿಲೋ ಮಗುವಿಗೆ 125ರ ಸಿರಪ್ ಆದರೆ 6 ಮಿಲಿ, 250ರದ್ದಾದರೆ 3 ಮಿಲಿ, ಡ್ರಾಪ್ಸ್ ಆದರೆ ಬರೀ ಒಂದೂವರೆ ಮಿಲಿ. "ಕಳೆದ ಸಲ ಒಂದು ಮುಚ್ಚಳ ಕೊಟ್ಟಿದ್ದೆವು" ಎಂಬ ನೆನಪಿನ ಮೇಲೆ ಬಾಟಲಿ ಬದಲಾದಾಗ ಕೊಡಬೇಡಿ. ಬಾಟಲಿಯನ್ನೇ ತಂದು ತೋರಿಸಿ, ಯಾವ ಅಂಗಡಿಯಲ್ಲಾದರೂ ಲೆಕ್ಕ ಹಾಕಿಕೊಡುತ್ತಾರೆ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಔಷಧಿ ಹುಡುಕದೆ ನೇರವಾಗಿ ಆಸ್ಪತ್ರೆಗೆ ಹೊರಡಿ.

ಕೆಮ್ಮಿನ ಸಿರಪ್ಪು, ಆಂಟಿಬಯೋಟಿಕ್ ಯಾಕೆ ಕೊಡುವುದಿಲ್ಲ?

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದು ನೆನಪಿರಬಹುದು. ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಅದಕ್ಕೂ ಮೊದಲೇ, 2023ರ ಡಿಸೆಂಬರ್‌ನಲ್ಲಿ, ಕ್ಲೋರ್ಫೆನಿರಮಿನ್ ಮತ್ತು ಫೀನೈಲೆಫ್ರಿನ್ ಸೇರಿದ ನೆಗಡಿ ಔಷಧಿ ನಾಲ್ಕು ವರ್ಷದೊಳಗಿನವರಿಗೆ ಕೂಡದು ಎಂದು ಔಷಧ ನಿಯಂತ್ರಕರು ಹೇಳಿದ್ದರು. ಕಲಬೆರಕೆ ಇಲ್ಲದಿದ್ದರೂ ಇವು ಚಿಕ್ಕ ಮಕ್ಕಳಿಗೆ ಮಂಪರು ತರುತ್ತವೆ, ನೆಗಡಿ ಕಳೆಯುವುದಿಲ್ಲ.

ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲದು. ಸಿಂಬಳ ಹಸಿರಾಯಿತು ಎಂಬುದೊಂದೇ ಅದಕ್ಕೆ ಕಾರಣವಾಗದು, ನೆಗಡಿಯ ನಡುವಿನ ದಿನಗಳಲ್ಲಿ ಅದು ಹಾಗೇ ಗಟ್ಟಿಯಾಗಿ ಬಣ್ಣ ತಿರುಗುತ್ತದೆ. ಕಳೆದ ಸಲ ಉಳಿದ ಅರ್ಧ ಬಾಟಲಿ ಇದೆ ಎನ್ನುವವರು ಅದನ್ನು ಚೆಲ್ಲಿ.

ನೆಗಡಿಯೇ ಇಲ್ಲ, ಇದ್ದಕ್ಕಿದ್ದಂತೆ ಕೆಮ್ಮು ಶುರುವಾಯಿತು. ಕಷಾಯ ಕೊಡಲೇ?

ತಡೆಯಿರಿ. ಆ ಹೊತ್ತಿಗೆ ಮಗು ಏನು ತಿನ್ನುತ್ತಿತ್ತು? ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಶೇಂಗಾ ಕಿತ್ತು ಮನೆ ತುಂಬ ಹರಡಿದ ಕಾಲದಲ್ಲಿ ಈ ಪ್ರಶ್ನೆ ಕೇಳಲೇಬೇಕು. ಅರ್ಧ ಶೇಂಗಾ ಬೀಜ ಉಸಿರುನಾಳಕ್ಕೆ ಜಾರಿದರೆ ಮೊದಲು ಜೋರು ಕೆಮ್ಮು, ಆಮೇಲೆ ಎಲ್ಲ ಸರಿಹೋದಂತೆ ಕಾಣುತ್ತದೆ. ಬೀಜ ಮಾತ್ರ ಒಳಗೆ ಉಬ್ಬಿ ಕೂತಿರುತ್ತದೆ. ವಾರಗಟ್ಟಲೆ ವಾಸಿಯಾಗದ "ಕಫ" ಕೊನೆಗೆ ಶೇಂಗಾ ಎಂದು ಗೊತ್ತಾಗುವುದು ಮಕ್ಕಳ ವೈದ್ಯರಿಗೆ ಹೊಸ ಕತೆಯಲ್ಲ. ತಿನ್ನುತ್ತಾ ಕೆಮ್ಮಿ ಉಸಿರು ಕಟ್ಟಿದ್ದನ್ನು ಯಾರಾದರೂ ನೋಡಿದ್ದರೆ, ಈಗ ಆರಾಮಾಗಿದ್ದರೂ ಆಸ್ಪತ್ರೆಗೆ ತೋರಿಸಿ. ಬಾಯಿಗೆ ಬೆರಳು ಹಾಕಿ ಕುರುಡಾಗಿ ತಡಕಬೇಡಿ. ನಾಲ್ಕೈದು ವರ್ಷದವರೆಗೆ ಇಡಿ ಶೇಂಗಾ, ಪುಟಾಣಿ ಕೊಡಬೇಡಿ, ಪುಡಿ ಮಾಡಿ ಕೊಡಿ. ಕೆಮ್ಮಿಗೆಂದು ಲವಂಗ, ಮೆಣಸಿನಕಾಳು ಬಾಯಲ್ಲಿ ಇಡುವುದೂ ಇದೇ ಸಾಲಿಗೆ ಸೇರುತ್ತದೆ.

ಫ್ಲೂಗೆ ಲಸಿಕೆ ಇದೆಯಂತೆ?

ಇದೆ. ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು, ಏಕೆಂದರೆ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಇದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಖಾಸಗಿ ಮಕ್ಕಳ ವೈದ್ಯರ ಬಳಿ ದುಡ್ಡು ಕೊಟ್ಟು ಹಾಕಿಸಬೇಕು. ಉಬ್ಬಸ, ಹೃದಯದ ತೊಂದರೆ ಇರುವ ಮಗುವಾದರೆ ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಮಾತ್ರ ಉಚಿತ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಅದು ಬಿದ್ದಿದೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ.

ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಉಸಿರಿನ ಎಣಿಕೆ ಮೇಲೆ ಹೇಳಿದ ಗಡಿ ಮುಟ್ಟಿದರೆ, ಪಕ್ಕೆ ಒಳಗೆ ಹೋದರೆ, ತುಟಿ ನೀಲಿಯಾದರೆ, ಸುಮ್ಮನಿದ್ದಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು ಬಂದರೆ, ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ. ಜ್ವರ ಮೂರು ದಿನ ದಾಟಿದರೂ, ಇಳಿದ ಜ್ವರ ಮತ್ತೆ ಏರಿದರೂ ತೋರಿಸಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ರಾತ್ರಿ ವಾಹನ ಸಿಗದ ಹಳ್ಳಿಯಾದರೆ 108ಕ್ಕೆ ಕರೆ ಮಾಡಿ.

ಪಕ್ಕೆ ಹಾರುವ ಕೂಸಿಗೆ ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು, ಎರಡು ದಿನ ಕಳೆದು ಬಂದವರನ್ನು ನಾನು ಕಂಡಿದ್ದೇನೆ. ಉಸಿರಿಗೆ ಒದ್ದಾಡುತ್ತಿದ್ದ ಕೂಸಿಗೆ ಅದರ ಮೇಲೆ ಸುಟ್ಟ ಗಾಯ. ಅದರ ಬಗ್ಗೆ ಶಾಂತವಾಗಿ ಬರೆಯಲು ನನಗೆ ಬರುವುದಿಲ್ಲ.

ಅಂಗನವಾಡಿಗೆ ಯಾವಾಗ ಕಳಿಸಬಹುದು?

ಜ್ವರದ ಔಷಧಿ ಇಲ್ಲದೆ ಒಂದು ದಿನ ಪೂರ್ತಿ ಜ್ವರ ಬಾರದೆ, ಮಗು ಉಂಡು ಆಡಿಕೊಂಡಿದ್ದರೆ ಕಳಿಸಿ. ಮೂಗು ಪೂರ್ತಿ ಒಣಗುವವರೆಗೆ ಕಾಯುತ್ತೇನೆಂದರೆ ಯುಗಾದಿ ಬರುತ್ತದೆ.

ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಡಿಜಿಟಲ್ ಥರ್ಮಾಮೀಟರ್, ಮಗುವಿನ ತೂಕಕ್ಕೆ ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಒಂದೇ ಒಂದು ಬಾಟಲಿ, ಸಲೈನ್ ಹನಿ, ಎರಡು ಓಆರ್‌ಎಸ್ ಪೊಟ್ಟಣ, ವರ್ಷ ದಾಟಿದ ಮಗುವಿದ್ದರೆ ಜೇನು. ಇನ್ನು ಸೆಕೆಂಡ್ ಮುಳ್ಳು ಓಡುವ ಗೋಡೆ ಗಡಿಯಾರ. ಬಹಳ ಮನೆಗಳಲ್ಲಿ ಅದು ನಿಂತೇ ಇರುತ್ತದೆ, ಬ್ಯಾಟರಿ ಹಾಕಿ.